ರೋಗಿಗೊಂದು ಸೂರು: ಅರ್ಬುದರೋಗ ಮತ್ತು ದಾನಧರ್ಮದ ಕಥೆ

ಅರ್ಬುದರೋಗದ ಇತಿಹಾಸ ಬರೆದವರೆಲ್ಲ ಹೆಚ್ಚಾಗಿ ಶಸ್ತ್ರ, ಕಿರಣ, ಔಷಧ ಈ ಮೂರರ ಸುತ್ತಲೇ ಬರೆದಿದ್ದಾರೆ. ಯಾವ ವೈದ್ಯ ಏನನ್ನು ಕೊಯ್ದ, ರೇಡಿಯಂ ಎಂದು ಬಂತು, ಯಾವ ಮದ್ದು ಯಾವ ಗಂಟನ್ನು ಕರಗಿಸಿತು ಎಂಬ ವಿವರಗಳಿಗೆ ಗ್ರಂಥಗಳಲ್ಲಿ ಕೊರತೆಯಿಲ್ಲ. ಆದರೆ ಚಿಕಿತ್ಸೆ ನಡೆದಷ್ಟು ದಿನ ರೋಗಿ ಎಲ್ಲಿ ಮಲಗಿದ, ಅವನ ಜೊತೆಗೆ ಬಂದ ಹೆಂಡತಿ ಎಲ್ಲಿ ಒಲೆ ಹೂಡಿದಳು, ಊರಲ್ಲಿ ಬಿಟ್ಟು ಬಂದ ಮಕ್ಕಳಿಗೆ ಯಾರು ರೊಟ್ಟಿ ಬಡಿದು ಹಾಕಿದರು ಎಂಬುದಕ್ಕೂ ಒಂದು ಇತಿಹಾಸವಿದೆ. ಅದನ್ನು ಬರೆದವರು ಕಡಿಮೆ. ನನ್ನ ಮಟ್ಟಿಗೆ ಹೇಳುವುದಾದರೆ, ಬಡವನ ಪಾಲಿಗೆ ಈ ಎರಡನೆಯ ಇತಿಹಾಸವೇ ದೊಡ್ಡದು.

ಧನಕವಡಿಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರ, ಸಾತಾರಾ ದಾಟಿ ಬರುವ ದಾರಿ ಕಾತ್ರಜ ಘಾಟ ಇಳಿದೊಡನೆ ಸಿಗುವ ಮೊದಲ ವಸತಿಗಳಲ್ಲಿ ನಮ್ಮದೂ ಒಂದು. ಬೆಳಗಿನ ಜಾವ ಬಸ್ಸಿನಿಂದ ಇಳಿಯುವವರಲ್ಲಿ ನೌಕರಿ ಹುಡುಕಿ ಬಂದವರು, ಕಾಲೇಜಿಗೆ ಬಂದವರು ಇರುವಂತೆಯೇ ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದವರೂ ಇರುತ್ತಾರೆ. (ಇದೇ ದಾರಿಯ ನಿಪ್ಪಾಣಿ ತಂಬಾಕಿನ ದೊಡ್ಡ ಪೇಟೆ. ಬೀಡಿಯ ತಂಬಾಕು ಹೋಗುವ ರಸ್ತೆಯಲ್ಲೇ ಬಾಯಿಹುಣ್ಣಿನ ರೋಗಿಯೂ ಬರುತ್ತಾನೆ.) ಇಳಿದವರು ನೇರವಾಗಿ ಆಸ್ಪತ್ರೆಗೆ ಹೋಗುವುದಿಲ್ಲ. ಮೊದಲು ಯಾರದಾದರೂ ಮನೆಗೆ ಹೋಗುತ್ತಾರೆ.

ಯಾಕೆಂದರೆ ಈ ರೋಗದ ಚಿಕಿತ್ಸೆ ಒಂದು ದಿನದ ಮಾತಲ್ಲ. ಕಿರಣ ಚಿಕಿತ್ಸೆಯನ್ನೇ ನೋಡಿ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದರಿಂದ ಏಳು ವಾರ ನಡೆಯುತ್ತದೆ. ಯಂತ್ರದ ಕೆಳಗೆ ಮಲಗುವ ಹೊತ್ತು ದಿನಕ್ಕೆ ಹತ್ತು ಹದಿನೈದು ನಿಮಿಷ. ಅದಕ್ಕೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡುವುದಿಲ್ಲ, ಕೊಡುವ ಅಗತ್ಯವೂ ಇಲ್ಲ. ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆ ಆ ಮನುಷ್ಯ ಎಲ್ಲಿರಬೇಕು? ಮಕ್ಕಳ ರಕ್ತದ ಕ್ಯಾನ್ಸರಿಗೆ ಎರಡು ಮೂರು ವರ್ಷದ ಔಷಧೋಪಚಾರ ಬೇಕು. ಅಷ್ಟು ದಿನ ಒಬ್ಬ ಕೂಲಿಕಾರನ ಸಂಸಾರ ಪರಸ್ಥಳದಲ್ಲಿ ನಿಲ್ಲುವುದು ಹೇಗೆ? ಔಷಧ ಸಿಕ್ಕೂ, ಡಾಕ್ಟರು ಸಿಕ್ಕೂ, ಇರಲು ಜಾಗವಿಲ್ಲವೆಂದು ಅರ್ಧಕ್ಕೇ ಊರಿಗೆ ಮರಳಿದವರ ಲೆಕ್ಕ ಮರಣದ ಪಟ್ಟಿಯಲ್ಲಿ ಬೇರೆಯಾಗಿ ಬರುವುದಿಲ್ಲ.

ಈ ರೋಗಿಗಳಿಗೆಂದೇ ಧರ್ಮ ಮಾಡುವ ಪರಿಪಾಠ ಯುರೋಪಿನಲ್ಲಿ ಹಳೆಯದು. 1740ರಲ್ಲಿ ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ ಗೋದಿನೋ ಎಂಬ ಪಾದ್ರಿ ತನ್ನ ಹಣದಿಂದ ಕ್ಯಾನ್ಸರ್ ರೋಗಿಗಳಿಗಾಗಿ ಒಂದು ಆಸ್ಪತ್ರೆ ತೆರೆದ. ರೋಗ ಅಂಟುತ್ತದೆಂದು ಹೆದರಿದ ಊರವರು ಗಲಾಟೆ ಮಾಡಿದ್ದರಿಂದ 1779ರಲ್ಲಿ ಅದನ್ನು ಊರ ಹೊರಗೆ ಒಯ್ಯಬೇಕಾಯಿತು. 1792ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ವ್ಹಿಟ್‌ಬ್ರೆಡ್ ಎಂಬ ಮದ್ಯ ತಯಾರಕನ ದೇಣಿಗೆಯಿಂದ ಒಂದು ವಾರ್ಡು ಸಿದ್ಧವಾಯಿತು. ಗುಣವಾಗುವವರೆಗೆ ಇಲ್ಲವೇ ಸಾಯುವವರೆಗೆ ರೋಗಿ ಅಲ್ಲಿ ಇರಬಹುದೆಂಬುದು ಅದರ ನಿಯಮ. ಔಷಧವೇ ಇಲ್ಲದ ಕಾಲದಲ್ಲಿ ದಾನಿಗಳಿಗೆ ಮೊದಲು ಹೊಳೆದದ್ದು ಒಂದು ಹಾಸಿಗೆ ಮತ್ತು ಅವಧಿಯ ಮಿತಿಯಿಲ್ಲದ ಆಸರೆ ಎಂಬುದನ್ನು ಗಮನಿಸಬೇಕು. ಅಂಟುರೋಗವೆಂಬ ಆ ಹೆದರಿಕೆಯಂತೂ ಇನ್ನೂ ಪೂರಾ ಹೋಗಿಲ್ಲ. ರೋಗದ ಹೆಸರು ತಿಳಿದ ಮೇಲೆ ಖೋಲಿ ಬಾಡಿಗೆಗೆ ಕೊಡಲು ಹಿಂದೆಮುಂದೆ ನೋಡುವ ಮಾಲಕರು ನಮ್ಮ ಪೇಟೆಗಳಲ್ಲೂ ಇದ್ದಾರೆ.

ನಮ್ಮ ದೇಶದ ಕಥೆಗೆ ಬಂದರೆ ಅದು ಮುಂಬಯಿಯ ಪರಳದಲ್ಲಿ ಶುರುವಾಯಿತೆಂದು ಎಲ್ಲರೂ ಹೇಳುತ್ತಾರೆ. ಅದಕ್ಕೂ ಹಿಂದಿನ ಒಂದು ಎಳೆ ಬೆಂಗಳೂರಿನಲ್ಲಿದೆ ಎಂಬುದು ಕನ್ನಡಿಗರಾದ ನಮಗೇ ಅಷ್ಟಾಗಿ ಗೊತ್ತಿಲ್ಲ.

ಹೊರ್ಮುಸ್‌ಜಿ ಭಾಭಾ ಎಂಬ ಪಾರ್ಸಿ ವಿದ್ವಾಂಸರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದರು. ಅವರ ಮಗಳು ಮೆಹರಬಾಯಿ. 1879ರಲ್ಲಿ ಹುಟ್ಟಿದ ಈಕೆ ಬೆಳೆದದ್ದು ಬೆಂಗಳೂರಿನಲ್ಲಿ, ಓದಿದ್ದು ಅಲ್ಲಿಯ ಬಿಷಪ್ ಕಾಟನ್ ಶಾಲೆಯಲ್ಲಿ. ಜಮ್‌ಶೆಟ್‌ಜಿ ಟಾಟಾ ಅವರು ತಮ್ಮ ಹಿರಿಯ ಮಗ ದೋರಾಬ್‌ಜಿಯನ್ನು ಮೈಸೂರು ಸೀಮೆಗೆ ಕಳಿಸಿದಾಗ, ಭಾಭಾ ಅವರ ಮನೆಗೆ ಹೋಗಿ ಬಾ ಎಂದು ಹೇಳಿ ಕಳಿಸಿದರಂತೆ. ಹಿರಿಯರ ಮನಸ್ಸಿನಲ್ಲಿ ಏನಿತ್ತೆಂಬುದು ಮುಂದೆ ಎಲ್ಲರಿಗೂ ತಿಳಿಯಿತು. 1898ರಲ್ಲಿ ಮದುವೆ ನಡೆಯಿತು. ಮೆಹರಬಾಯಿ ಟೆನ್ನಿಸ್ ಆಡುತ್ತಿದ್ದರು, ಹೆಣ್ಣುಮಕ್ಕಳ ವಿದ್ಯೆಯ ಪರವಾಗಿ, ಬಾಲ್ಯವಿವಾಹದ ವಿರುದ್ಧವಾಗಿ ದುಡಿದರು. ಗಂಡ ಅವರಿಗಾಗಿ ಜುಬಿಲಿ ವಜ್ರವನ್ನು ಕೊಂಡುಕೊಟ್ಟಿದ್ದರು. 245 ಕ್ಯಾರೆಟ್ಟಿನ ಆ ವಜ್ರ ತೂಕದಲ್ಲಿ ಇಂದಿನ ಕೊಹಿನೂರಿನ ಎರಡರಷ್ಟಕ್ಕಿಂತ ಹೆಚ್ಚು.

1931ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಒಂದು ಆರೋಗ್ಯಧಾಮದಲ್ಲಿ ಮೆಹರಬಾಯಿ ತೀರಿಕೊಂಡರು. ರೋಗ ಲ್ಯುಕೀಮಿಯಾ, ಅಂದರೆ ರಕ್ತದ ಕ್ಯಾನ್ಸರ್. ದೇಶದ ಅತಿ ಶ್ರೀಮಂತರಲ್ಲೊಬ್ಬರ ಹೆಂಡತಿಗೆ ಅಂದಿನ ಜಗತ್ತಿನಲ್ಲಿ ಎಲ್ಲಿಯೂ ಮದ್ದಿರಲಿಲ್ಲ. ಮರುವರ್ಷ ದೋರಾಬ್‌ಜಿ ಆಕೆಯ ಹೆಸರಿನಲ್ಲಿ ಲ್ಯುಕೀಮಿಯಾ ಸಂಶೋಧನೆಗಾಗಿ ಲೇಡಿ ಟಾಟಾ ಸ್ಮಾರಕ ನಿಧಿಯನ್ನು ಸ್ಥಾಪಿಸಿದರು. ಅದರ ಉತ್ಪನ್ನದ ಹೆಚ್ಚಿನ ಪಾಲು ಯಾವ ದೇಶದ ಸಂಶೋಧಕನಿಗಾದರೂ ಸಲ್ಲಬಹುದೆಂದು ಬರೆದಿಟ್ಟರು. ತಮ್ಮ ಉಳಿದ ಆಸ್ತಿಯನ್ನೆಲ್ಲ ಇನ್ನೊಂದು ಧರ್ಮದತ್ತಿಗೆ ಕೊಟ್ಟರು. ಬಳಿಕ ಹೆಂಡತಿಯ ಸಮಾಧಿ ನೋಡಲೆಂದು ಯುರೋಪಿಗೆ ಹೊರಟವರು 1932ರ ಜೂನಿನಲ್ಲಿ ಜರ್ಮನಿಯಲ್ಲೇ ಕಣ್ಮುಚ್ಚಿದರು. ಅವರಿಗೆ ಮಕ್ಕಳಿರಲಿಲ್ಲ. ಜುಬಿಲಿ ವಜ್ರವನ್ನು ದತ್ತಿಯವರು ಮಾರಿದರು. ಆ ದತ್ತಿಯ ಹಣದಿಂದ ಪರಳದಲ್ಲಿ ಕಟ್ಟಿದ ಟಾಟಾ ಸ್ಮಾರಕ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು.

ಅಲ್ಲಿಗೆ ನಮ್ಮ ಬೆಂಗಳೂರಿನ ಎಳೆ ಕಡಿಯುವುದಿಲ್ಲ. ಮೆಹರಬಾಯಿಯವರ ತಮ್ಮನ ಮಗನೇ ಅಣುವಿಜ್ಞಾನಿ ಹೋಮಿ ಭಾಭಾ. 1957ರಲ್ಲಿ ಕೇಂದ್ರದ ಆರೋಗ್ಯ ಮಂತ್ರಾಲಯ ಈ ಆಸ್ಪತ್ರೆಯನ್ನು ವಹಿಸಿಕೊಂಡಿತು. 1962ರಲ್ಲಿ ಅದು ಭಾಭಾ ಅವರು ನಡೆಸುತ್ತಿದ್ದ ಅಣುಶಕ್ತಿ ಇಲಾಖೆಯ ಕೈಗೆ ಬಂತು. ಆಸ್ಪತ್ರೆಯೊಂದು ಅಣುಶಕ್ತಿಯವರ ಕೈಯಲ್ಲಿ ಏಕೆ ಎಂದು ಕೇಳುವವರಿಗೆ ಕಿರಣ ಚಿಕಿತ್ಸೆಯೇ ಉತ್ತರ. ಸೋದರತ್ತೆಯ ಸ್ಮಾರಕ ಸೋದರಳಿಯನ ಇಲಾಖೆಗೆ ಸೇರಿತೆಂಬುದು ಯೋಗಾಯೋಗ. ಅದರಿಂದ ಬಡ ರೋಗಿಗೆ ಆದ ಲಾಭ ಮಾತ್ರ ದೊಡ್ಡದು: ಅಂದಿನಿಂದ ಸರಕಾರದ ಹಣ ನಿಂತಿಲ್ಲ, ಇಂದಿಗೂ ಅಲ್ಲಿಯ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ಪುಕ್ಕಟೆ ಅಥವಾ ಅತ್ಯಲ್ಪ ದರದಲ್ಲಿ ಸಿಗುತ್ತದೆ.

ಆಸ್ಪತ್ರೆ ದೊಡ್ಡದಾದಂತೆ ದೇಶದ ಮೂಲೆಮೂಲೆಯಿಂದ ಜನ ಬಂದರು. ಒಳಗೆ ಚಿಕಿತ್ಸೆ ದೊರೆಯಿತು, ಹೊರಗೆ ಫುಟ್‌ಪಾತ್ ದೊರೆಯಿತು. ಪರಳದ ಆ ಬೀದಿಯಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಮಲಗಿದ ಸಂಸಾರಗಳನ್ನು ನೋಡಿದವರು ಮರೆಯಲಾರರು. ಇಲ್ಲಿಂದಲೇ ನಾನು ಹೇಳುವ ಎರಡನೆಯ ಇತಿಹಾಸ ಶುರು.

ನಮ್ಮ ಸೀಮೆಯಲ್ಲಿ ಛತ್ರ, ಧರ್ಮಶಾಲೆಗಳು ಹೊಸವಲ್ಲ. ಆದರೆ ಅವೆಲ್ಲ ಯಾತ್ರಿಕರಿಗಾಗಿ ಕಟ್ಟಿದವು. ಮೂರು ರಾತ್ರಿಗಿಂತ ಹೆಚ್ಚು ಇರಬಾರದೆಂಬ ಫಲಕವನ್ನು ಎಷ್ಟೋ ಛತ್ರಗಳಲ್ಲಿ ಕಂಡಿದ್ದೇವೆ. ದೇವರ ದರ್ಶನಕ್ಕೆ ಮೂರು ರಾತ್ರಿ ಸಾಕು, ಕಿರಣ ಚಿಕಿತ್ಸೆಗೆ ನಲವತ್ತೈದು ಬೇಕು. ಯಾತ್ರಿಕನ ಧರ್ಮಶಾಲೆ ರೋಗಿಯ ಧರ್ಮಶಾಲೆಯಾಗಿ ಮಾರ್ಪಟ್ಟದ್ದೇ ಈ ಕಥೆಯ ಮುಖ್ಯ ತಿರುವು ಎಂದು ನನ್ನ ಅಭಿಪ್ರಾಯ. ಕೈಯಲ್ಲಿ ಕಸಬರಿಗೆ ಹಿಡಿದು ಊರೂರು ಗುಡಿಸುತ್ತ ಕೀರ್ತನೆ ಮಾಡಿದ ಗಾಡಗೇ ಮಹಾರಾಜರು ಪಂಢರಪುರ, ನಾಸಿಕ, ಆಳಂದಿಗಳಲ್ಲಿ ಬಡ ಯಾತ್ರಿಕರಿಗೆ ಧರ್ಮಶಾಲೆ ಕಟ್ಟಿಸಿದವರು. 1956ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ದಾದರದ ಧರ್ಮಶಾಲೆಯಲ್ಲಿ ಇಂದು ಉಳಿಯುವವರು ಪರಳದ ರೋಗಿಗಳು ಮತ್ತು ಅವರ ನಂಟರು. 1968ರಲ್ಲಿ ಪರಳದಲ್ಲೇ ನಾನಾ ಪಾಲಕರ ಸ್ಮೃತಿ ಸಮಿತಿ ಹುಟ್ಟಿ ರೋಗಿಗಳಿಗೆ ವಸತಿ, ಊಟದ ಕೆಲಸ ಹಿಡಿಯಿತು. ಟಾಟಾ ಆಸ್ಪತ್ರೆಯ ಹೆಸರಾಂತ ಶಸ್ತ್ರವೈದ್ಯ ಡಾಕ್ಟರ್ ಅರ್ನೆಸ್ಟ್ ಬೋರ್ಜಿಸರ ಹೆಸರಿನಲ್ಲಿ ಬಾಂದ್ರಾದಲ್ಲಿ ಒಂದು ರೋಗಿನಿವಾಸ ಬಂತು.

ಇವುಗಳ ಜೊತೆಗೆ ಬೇರೆ ತರದ ಸಂಸ್ಥೆಗಳೂ ಬೆಳೆದವು. 1951ರಲ್ಲಿ ಡಾಕ್ಟರ್ ಜಸ್ಸಾವಾಲಾ ಮತ್ತು ನವಲ್ ಟಾಟಾ ಸೇರಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯನ್ನು ಸ್ಥಾಪಿಸಿದರು. 1969ರಲ್ಲಿ ಹುಟ್ಟಿದ ಕ್ಯಾನ್ಸರ್ ಪೇಶಂಟ್ಸ್ ಏಡ್ ಅಸೋಸಿಯೇಶನ್ ರೋಗಿಗೆ ಔಷಧದ ಹಣ ಕೊಡುವುದರಿಂದ ಆರಂಭಿಸಿ, ಕಡೆಗೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ದಿನಾ ನುಂಗಬೇಕಾದ ಗ್ಲಿವೆಕ್ ಎಂಬ ಮಾತ್ರೆಗೆ ಸ್ವಿಸ್ ಕಂಪನಿ ನೋವಾರ್ಟಿಸ್ ಇಲ್ಲಿ ಪೇಟೆಂಟ್ ಕೇಳಿತ್ತು. ಅದರ ಬೆಲೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ, ನಮ್ಮ ದೇಶದ ಕಂಪನಿಗಳ ಅದೇ ಮಾತ್ರೆ ಸುಮಾರು 8ರಿಂದ 10 ಸಾವಿರ. ಈ ಸಂಸ್ಥೆ ಪೇಟೆಂಟನ್ನು ವಿರೋಧಿಸಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೋವಾರ್ಟಿಸ್‌ನ ಬೇಡಿಕೆಯನ್ನು ತಳ್ಳಿಹಾಕಿತು. ಧರ್ಮಕಾರ್ಯವೆಂದರೆ ಹಣ್ಣುಹಂಪಲು ಹಂಚಿ ಫೋಟೋ ತೆಗೆಸಿಕೊಳ್ಳುವುದೆಂದು ತಿಳಿದವರು ಈ ಮೊಕದ್ದಮೆಯನ್ನು ಓದಬೇಕು.

ಇನ್ನು ಕನ್ನಡಿಗರ ಪಾಡು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಆರಂಭವಾದದ್ದು 1973ರ ಜೂನ್ 26ರಂದು. ಅದಕ್ಕೆ ಮೊದಲು ಬೆಳಗಾವಿ, ವಿಜಾಪುರ, ಧಾರವಾಡ ಸೀಮೆಯ ಜನ ದೊಡ್ಡ ರೋಗ ಬಂದಾಗ ಉತ್ತರಕ್ಕೇ ಮುಖ ಮಾಡುತ್ತಿದ್ದರು. ಮೊದಲನೆಯ ನಿಲ್ದಾಣ ಮಿರಜ. ಅಲ್ಲಿ 1894ರಲ್ಲಿ ವಾನ್‌ಲೆಸ್ ಎಂಬ ಮಿಶನರಿ ಡಾಕ್ಟರರು ಕಟ್ಟಿದ ಆಸ್ಪತ್ರೆ ಇಡೀ ದಕ್ಷಿಣ ಮಹಾರಾಷ್ಟ್ರಕ್ಕೂ ಉತ್ತರ ಕರ್ನಾಟಕಕ್ಕೂ ಆಸರೆಯಾಗಿತ್ತು. ಅಲ್ಲಿ ಆಗದಿದ್ದರೆ ಪುಣೆ, ಪುಣೆಯಲ್ಲಿ ಆಗದಿದ್ದರೆ ಮುಂಬಯಿ. ಈ ದಾರಿಯುದ್ದಕ್ಕೂ ರೋಗಿಯನ್ನು ಕೈದಾಟಿಸಿದವರು ಯಾರು? ಸೋದರಮಾವ, ಬೀಗರ ಕಡೆಯವರು, ಊರಿನವನೆಂಬ ಒಂದೇ ಗುರುತಿನ ಮೇಲೆ ಬಾಗಿಲು ತೆರೆದ ಗಿರಣಿ ಕೆಲಸಗಾರ, ಹೋಟೆಲಿನ ಮಾಣಿ, ರೇಲ್ವೆ ಗುಮಾಸ್ತ. ಒಂದು ಖೋಲಿ, ಅದರಲ್ಲಿ ಐದು ಜನ, ಅವರ ನಡುವೆ ಒಬ್ಬ ರೋಗಿ, ಒಬ್ಬ ಜೊತೆಗಾರ. ಆ ಖೋಲಿಗಳಿಗೆ ಯಾರೂ ಅಮೃತಶಿಲೆಯ ಫಲಕ ಹಾಕಿಸಲಿಲ್ಲ. ಎರಡು ತಿಂಗಳು ರೋಗಿಯ ಗಂಜಿ ಬೇಯಿಸಿದ ಅತ್ತಿಗೆಯ ಹೆಸರು ಯಾವ ದಾನಿಗಳ ಪಟ್ಟಿಯಲ್ಲೂ ಇಲ್ಲ.

ವಸತಿ, ಊಟದ ಜೊತೆಗೆ ಆ ಮನೆಗಳು ಇನ್ನೊಂದನ್ನು ಕೊಟ್ಟವು. ಅದು ಭಾಷೆ. ಮರಾಠಿಯಲ್ಲಿ ಈ ರೋಗಕ್ಕೆ ಕರ್ಕರೋಗವೆನ್ನುತ್ತಾರೆ. ನಮ್ಮ ಹಳ್ಳಿಯ ಮುದುಕಿ ‘ಗಂಟು ಆಗೇತಿ’ ಎಂದಷ್ಟೇ ಹೇಳುತ್ತಾಳೆ. ನೋವು ಹೇಗಿದೆ ಎಂದು ಡಾಕ್ಟರರು ಕೇಳಿದರೆ ಅವಳ ಹತ್ತಿರ ಉರಿ ಇದೆ, ಸೆಳೆತ ಇದೆ, ಚಳಕು ಇದೆ, ಜೋಮು ಇದೆ. ಇವೆಲ್ಲ ಬೇರೆ ಬೇರೆ. ಉರಿಯುವ, ಚಳಕು ಹೊಡೆಯುವ ನೋವು ನರದ್ದಿರಬಹುದು, ಅದಕ್ಕೆ ಮದ್ದೂ ಬೇರೆ. ಹಿಂದಿಯಲ್ಲಿ ‘ದರ್ದ್ ಹೈ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಮಗನಿಗಿಂತ, ಎರಡೂ ಭಾಷೆ ಬಲ್ಲ ಪಕ್ಕದ ಮನೆಯ ಹುಡುಗಿ ಜೊತೆಗೆ ಹೋದರೆ ಡಾಕ್ಟರರಿಗೆ ನಾಲ್ಕು ಸಂಗತಿ ಹೆಚ್ಚು ತಿಳಿಯುತ್ತದೆ. ಹೊರನಾಡಿನಲ್ಲಿ ಎರಡು ತಲೆಮಾರು ಕಳೆದ ನಮ್ಮ ಮಕ್ಕಳಿಗೆ ಕನ್ನಡ ಏಕೆ ಎಂದು ಕೇಳುವವರಿದ್ದಾರೆ. ಅವರು ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಕೂತು ನೋಡಲಿ.

ಕರ್ನಾಟಕದಲ್ಲೂ ಮುಂದೆ ವ್ಯವಸ್ಥೆ ಬೆಳೆಯಿತು. ಕಿದ್ವಾಯಿ ಸಂಸ್ಥೆ 1980ರಲ್ಲಿ ಸ್ವಾಯತ್ತವಾಯಿತು. ಅಲ್ಲಿಗೆ ಬರುವವರಿಗಾಗಿ ಇನ್ಫೋಸಿಸ್ ಪ್ರತಿಷ್ಠಾನ ಧರ್ಮಶಾಲೆ ಕಟ್ಟಿಸಿಕೊಟ್ಟಿತು. ಹುಬ್ಬಳ್ಳಿಯ ನವನಗರದಲ್ಲಿ ಡಾಕ್ಟರ್ ಆರ್. ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಆಸ್ಪತ್ರೆಯಿಂದ ಎಷ್ಟೋ ಜನಕ್ಕೆ ಘಾಟ ಹತ್ತುವ ಕಷ್ಟ ತಪ್ಪಿತು. ಇತ್ತ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ, 1981ರಲ್ಲಿ ಇದೇ ರೋಗದಿಂದ ತೀರಿಕೊಂಡ ನಟಿ ನರ್ಗಿಸ್ ದತ್ತರ ಹೆಸರಿನ ಆಸ್ಪತ್ರೆ ಇದೆ. 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾದದ್ದು ಆ ಬಾರ್ಶಿಯಲ್ಲೇ.

ಮಕ್ಕಳ ವಿಷಯದಲ್ಲಿ ಈಚೆಗೆ ಆದ ಬದಲಾವಣೆ ನನ್ನ ವಾದಕ್ಕೆ ಒಳ್ಳೆಯ ಸಾಕ್ಷಿ. 2006ರಲ್ಲಿ ಮುಂಬಯಿಯಲ್ಲಿ ಸೇಂಟ್ ಜೂಡ್ ಎಂಬ ಸಂಸ್ಥೆ, ಚಿಕಿತ್ಸೆಗೆ ಬಂದ ಮಕ್ಕಳಿಗೂ ತಂದೆತಾಯಿಗಳಿಗೂ ಪುಕ್ಕಟೆ ಮನೆಗಳನ್ನು ತೆರೆಯಿತು. ಒಂದೊಂದು ಸಂಸಾರಕ್ಕೆ ಒಂದೊಂದು ಜಾಗ, ಅಡಿಗೆಗೆ ಒಲೆ, ಆಸ್ಪತ್ರೆಗೆ ಹೋಗಿಬರಲು ವಾಹನ. 2010ರಿಂದ ಟಾಟಾ ಆಸ್ಪತ್ರೆಯ ಮಕ್ಕಳ ವಿಭಾಗವೂ ವಸತಿ, ಆಹಾರ, ರಕ್ತ, ಹಣ, ಧೈರ್ಯದ ಮಾತು ಎಲ್ಲವನ್ನೂ ಒಂದೇ ಕಡೆಯಿಂದ ಒದಗಿಸುವ ಏರ್ಪಾಡು ಮಾಡಿತು. ಔಷಧ ಬದಲಾಗಲಿಲ್ಲ. ಆದರೆ ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಹೋಗುವ ಮಕ್ಕಳ ಸಂಖ್ಯೆ ಬಹಳವಾಗಿ ಇಳಿಯಿತು.

ಗುಣವಾಗದ ರೋಗಿಗಳ ಮಾತು ಬೇರೆ. ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ಆಸ್ಪತ್ರೆಯವರು ಹೇಳಿದ ದಿನದಿಂದ ಆ ಸಂಸಾರ ಒಂಟಿಯಾಗುತ್ತಿತ್ತು. ರೋಗಕ್ಕಿಂತ ನೋವು ದೊಡ್ಡದು. ನೋವಿಗೆ ಮಾರ್ಫೀನ್ ಎಂಬ ಅಗ್ಗದ ಮದ್ದು ಇದೆ. ಅದು ಅಫೀಮಿನಿಂದ ಬರುವುದರಿಂದ 1985ರ ಮಾದಕದ್ರವ್ಯ ಕಾನೂನು ಅದನ್ನು ಎಷ್ಟು ಬಿಗಿಮಾಡಿತೆಂದರೆ ಔಷಧದಂಗಡಿಯವರು ಇಡುವುದನ್ನೇ ಬಿಟ್ಟರು. 2014ರಲ್ಲಿ ತಿದ್ದುಪಡಿ ಬರುವವರೆಗೆ ಸುಮಾರು ಮೂವತ್ತು ವರ್ಷ ಲಕ್ಷಾಂತರ ಜನ ಸುಮ್ಮನೆ ನರಳಿದರು. ಆ ದಿನಗಳಲ್ಲಿ ಈ ಕೆಲಸ ಕೈಗೆತ್ತಿಕೊಂಡವರು ಧರ್ಮಸಂಸ್ಥೆಗಳೇ. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ತೆರೆದ ಶುಶ್ರೂಷಾಧಾಮದ ಮಾದರಿ ನಮ್ಮಲ್ಲಿಗೆ ಬಂದದ್ದು 1986ರಲ್ಲಿ, ಬಾಂದ್ರಾದ ಶಾಂತಿ ಆವೇದನಾ ಸದನದೊಡನೆ. ಬೆಂಗಳೂರಿನಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ಬು ಸೇರಿ 1994ರಲ್ಲಿ ಒಂದು ದತ್ತಿ ಸ್ಥಾಪಿಸಿದವು. ಅದರ ‘ಕರುಣಾಶ್ರಯ’ 1999ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಯಾರಿಂದಲೂ ಹಣ ಪಡೆಯುವುದಿಲ್ಲ.

ನಮ್ಮ ಪುಣೆಗೆ ಇದು ಬೆಂಗಳೂರಿಗಿಂತ ಎರಡು ವರ್ಷ ಮೊದಲೇ ಬಂತು. 1997ರಲ್ಲಿ ವಾರಜೆಯಲ್ಲಿ ಸಿಪ್ಲಾ ಔಷಧ ಕಂಪನಿಯ ಪ್ರತಿಷ್ಠಾನ ತೆರೆದ ಉಪಶಮನ ಕೇಂದ್ರ ಧನಕವಡಿಯಿಂದ ಬೈಪಾಸ್ ಹಿಡಿದರೆ ದೂರವಲ್ಲ. ವಸತಿ, ಊಟ, ಔಷಧ ಎಲ್ಲ ಪುಕ್ಕಟೆ. ರೋಗಿಯ ಜೊತೆಗೆ ಮನೆಯವರೊಬ್ಬರು ಇರುತ್ತಾರೆ. ಗಾಯ ತೊಳೆಯುವುದು, ನಳಿಕೆಯಿಂದ ಆಹಾರ ಕೊಡುವುದು, ಮಾತ್ರೆಯ ಹೊತ್ತು ತಪ್ಪದಂತೆ ನೋಡುವುದು ಇವನ್ನೆಲ್ಲ ಅವರಿಗೆ ಕಲಿಸುತ್ತಾರೆ. ಕಲಿತು ಎಷ್ಟೋ ಜನ ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುತ್ತಾರೆ. ಅದನ್ನು ಸಾಯಲು ಕಳಿಸುವ ಜಾಗವೆಂದು ನಮ್ಮವರು ಹೆದರುವುದು ಸರಿಯಲ್ಲ. ಚಿಕಿತ್ಸೆಯ ನಡುವೆಯೇ ನೋವಿಗೆಂದು, ಆಯಾಸಕ್ಕೆಂದು ಅಲ್ಲಿಗೆ ಹೋಗಿ ಬರುವವರೂ ಇದ್ದಾರೆ.

ಇನ್ನು ಕೆಲವು ಸಹಾಯಗಳು ಧರ್ಮದಿಂದ ಹಕ್ಕಿನ ಮಟ್ಟಕ್ಕೆ ಏರಿವೆ. ಮುಂಬಯಿ ಹೈಕೋರ್ಟು 2006ರಲ್ಲಿ ಒಪ್ಪಿದ ಯೋಜನೆಯ ಪ್ರಕಾರ ಮಹಾರಾಷ್ಟ್ರದ ಧರ್ಮಾದಾಯ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಪುಕ್ಕಟೆಯಾಗಿ, ಇನ್ನು 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಇಡಬೇಕು. ಒಟ್ಟು ಬಿಲ್ಲಿನ ನೂರಕ್ಕೆ 2ರಷ್ಟನ್ನು ಬಡ ರೋಗಿಗಳ ನಿಧಿಗೆ ಹಾಕಬೇಕು. ರೇಲ್ವೆಯಲ್ಲಿ ಚಿಕಿತ್ಸೆಗಾಗಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಏ.ಸಿ. ಡಬ್ಬಿಗಳಲ್ಲಿ ಟಿಕೆಟ್ ಪೂರಾ ಮಾಫಿ, ಜೊತೆಗಾರನಿಗೆ ನೂರಕ್ಕೆ 75 ರಿಯಾಯಿತಿ. ಆಸ್ಪತ್ರೆಯವರು ಗೊತ್ತುಪಡಿಸಿದ ನಮೂನೆಯಲ್ಲಿ ಪತ್ರ ಕೊಡಬೇಕು, ಅಷ್ಟೆ.

ತೊಡಕು ಬರುವುದು ಕಾಗದಪತ್ರದಲ್ಲಿ. ಮಹಾರಾಷ್ಟ್ರ ಸರಕಾರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಈ ರಾಜ್ಯದ ನಿವಾಸಿಗಳನ್ನು ನೋಡುತ್ತದೆ, ಕರ್ನಾಟಕದ್ದು ಆ ರಾಜ್ಯದವರನ್ನು. ನಮ್ಮಲ್ಲಿ ಗಂಡ ಪುಣೆಯಲ್ಲಿ, ರೇಶನ್ ಕಾರ್ಡು ಮುಧೋಳದಲ್ಲಿ ಎಂಬ ಸಂಸಾರಗಳು ಎಷ್ಟಿಲ್ಲ! 2018ರ ಆಯುಷ್ಮಾನ್ ಭಾರತ ಯೋಜನೆಯ ಪಟ್ಟಿಯಲ್ಲಿ ಹೆಸರಿದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ, ಬೇರೆ ರಾಜ್ಯದಲ್ಲೂ ಸಿಗುತ್ತದೆ. ಆದರೆ ಹೆಸರಿದೆಯೋ ಇಲ್ಲವೋ ಎಂದು ಬಹಳ ಜನ ನೋಡಿಕೊಳ್ಳುವುದು ರೋಗ ಬಂದ ಮೇಲೆಯೇ. ಆಸ್ಪತ್ರೆಯ ಸಮಾಜಸೇವಾ ವಿಭಾಗದವರು ಮೊದಲು ಕೇಳುವುದು ತಹಶೀಲ್ದಾರರ ಆದಾಯದ ದಾಖಲೆ ಮತ್ತು ರೇಶನ್ ಕಾರ್ಡು. ಇವು ಊರಲ್ಲೇ ಉಳಿದಿದ್ದರೆ ಮಗ ಮತ್ತೆ ರಾತ್ರಿ ಬಸ್ಸು ಹತ್ತಬೇಕು. ಕಚೇರಿ, ಗುಮಾಸ್ತ, ಸಹಿ ಎಂದು ಒಂದು ವಾರ ಹೋಗುತ್ತದೆ, ಚಿಕಿತ್ಸೆ ಅಷ್ಟು ದಿನ ಮುಂದೆ ಬೀಳುತ್ತದೆ. ಊರಿನಿಂದ ಫೋನು ಬಂದಾಗ ‘ಯಾವಾಗ ಬರ್ತೀರಿ, ಸ್ಟ್ಯಾಂಡಿಗೆ ಬರ್ತೀನಿ’ ಎನ್ನುವ ಜೊತೆಗೆ ‘ಆ ಎರಡು ಕಾಗದ, ಹಳೆಯ ರಿಪೋರ್ಟು, ಆಧಾರ ಕಾರ್ಡು ಚೀಲಕ್ಕ ಹಾಕ್ಕೊಂಡು ಬರ್ರಿ’ ಎಂದೂ ಹೇಳಿಬಿಟ್ಟರೆ ಆ ವಾರ ಉಳಿಯುತ್ತದೆ.